ಸರಗೂರಿನ ಕಲ್ಲು, ಜೀವದ ಹುಟ್ಟು

ಕಪಿಲೆಯ ದಂಡೆಯ ಸರಗೂರಿಗೆ ಭೂವಿಜ್ಞಾನಿಗಳ ನಡುವೆ ಎಷ್ಟು ದೊಡ್ಡ ಹೆಸರಿದೆಯೆಂಬುದು ಆ ಊರಿನಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. ಮೈಸೂರು ಜಿಲ್ಲೆಯ ದಕ್ಷಿಣದ ಅಂಚು. ಹೆಗ್ಗಡದೇವನಕೋಟೆಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಊರು. ಸುತ್ತ ಹತ್ತಿ, ರಾಗಿ, ಹೊಗೆಸೊಪ್ಪಿನ ಹೊಲ, ಅದರಾಚೆ ಬಂಡೀಪುರದ ಕಾಡು. ಹೊಲದ ನಡುವೆ ತಲೆಯೆತ್ತಿದ ಕರಿಬಂಡೆ ಉಳುವವರಿಗೆ ನೇಗಿಲಿನ ಅಡ್ಡಿ, ಅಷ್ಟೆ. ಆದರೆ ಭೂಮಿಯ ಅತಿ ಹಳೆಯ ಕಲ್ಲುಗಳ ಮೇಲೆ ಕೆಲಸ ಮಾಡುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ 'ಸರಗೂರು' ಎಂದೊಡನೆ ಕಿವಿ ನಿಮಿರಿಸುತ್ತಾರೆ. ಅವರ ಪಾಲಿಗೆ ಅದು 300 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಕಡಲೊಂದರ ಹೆಸರು.

ಆ ಹೆಸರು ಬಂದದ್ದಕ್ಕೆ ಒಂದು ದೊಡ್ಡ ಜಗಳದ ಹಿನ್ನೆಲೆಯಿದೆ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ನಮ್ಮ ಸೀಮೆಯ ಪದರಗಲ್ಲುಗಳಿಗೆ 'ಧಾರವಾಡ' ಎಂದು ಹೆಸರಿಟ್ಟ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥನೂ ಅವನೇ. ಮುಂದೆ ಸ್ಮೀತ್, ರಾಮರಾವ್, ಪಿಚ್ಚಮುತ್ತು, ರಾಧಾಕೃಷ್ಣ ಹೀಗೆ ಒಬ್ಬರ ಹಿಂದೊಬ್ಬರು ಈ ಕಲ್ಲುಗಳಿಗೆ ತಮ್ಮ ಆಯುಷ್ಯ ಸುರಿದರು. ಒಂದು ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಬಾಬಾಬುಡನ್, ಚಿತ್ರದುರ್ಗ, ಶಿವಮೊಗ್ಗದ ಕಡೆಯ ಪದರಗಲ್ಲುಗಳೂ ಮೈಸೂರಿನ ದಕ್ಷಿಣಕ್ಕೆ ಚೂರುಚೂರಾಗಿ ಸಿಗುವ ಪದರಗಲ್ಲುಗಳೂ ಒಂದೇ ಕಾಲದವೋ, ಅಥವಾ ದಕ್ಷಿಣದವು ಇನ್ನೂ ಹಿರಿಯವೋ? 1976ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸ್ವಾಮಿನಾಥ್, ರಾಮಕೃಷ್ಣನ್, ವಿಶ್ವನಾಥ ಇವರು ಎರಡನ್ನೂ ಖಡಾಖಂಡಿತವಾಗಿ ಬೇರೆ ಮಾಡಿ, ಹಿರಿಯ ತಂಡಕ್ಕೆ 'ಸರಗೂರು ಸಮೂಹ' ಎಂದು ಹೆಸರಿಟ್ಟರು. ವಿರೋಧ ಬಂತು, ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ಜಿರ್ಕಾನ್ ಹರಳುಗಳ ವಯಸ್ಸು ಅಳೆಯಲು ಬಂದ ಮೇಲೆ ಸರಗೂರಿನ ಹಿರಿತನ ಗಟ್ಟಿಯಾಯಿತು. ಮೈಸೂರಿನ ಮಾನಸಗಂಗೋತ್ರಿಯ ಎ.ಎಸ್. ಜನಾರ್ಧನ್ ಅವರಂಥವರು ಇದೇ ನೆಲದಲ್ಲಿ ಓಡಾಡಿ ಈ ಕಲ್ಲುಗಳು ಎಷ್ಟು ಬೆಂದಿವೆ, ಎಷ್ಟು ಒತ್ತಡ ಕಂಡಿವೆ ಎಂದು ತೋರಿಸಿಕೊಟ್ಟರು.

ಜೀವ ಹೇಗೆ ಹುಟ್ಟಿತು ಎಂಬ ಕಥೆಯಲ್ಲಿ ಈ ಕಲ್ಲುಗಳಿಗೇನು ಕೆಲಸ ಎಂದು ಕೇಳಬಹುದು. ಭೂಮಿಗೆ 454 ಕೋಟಿ ವರ್ಷ. ಜೀವದ ನಂಬಬಹುದಾದ ಹಳೆಯ ಗುರುತುಗಳು ಆಸ್ಟ್ರೇಲಿಯದ ಪಿಲ್ಬಾರಾದಲ್ಲಿ 348 ಕೋಟಿ ವರ್ಷದ ಹಿಂದಿನವು. ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿಕೊಂಡು ಕಲ್ಲಾದ ಸ್ಟ್ರೊಮ್ಯಾಟೊಲೈಟುಗಳು ಅಲ್ಲಿವೆ. ಅದಕ್ಕಿಂತ ಹಿಂದಿನ ನೆಲ ಜಗತ್ತಿನಲ್ಲಿ ಉಳಿದಿರುವುದೇ ಬೆರಳೆಣಿಕೆಯ ಕಡೆ. 300 ಕೋಟಿ ವರ್ಷ ದಾಟಿದ ಕಡಲತಳದ ಕೆಸರು, ಮರಳು, ಲಾವಾ ಕೈಗೆ ಸಿಗುವಂತೆ ಉಳಿದಿರುವುದೂ ಕೆಲವೇ ದೇಶಗಳಲ್ಲಿ. ಆ ಕೆಲವರಲ್ಲಿ ನಾವೂ ಇದ್ದೇವೆ, ಮೈಸೂರಿನಿಂದ ಒಂದೂವರೆ ಗಂಟೆ ಬಸ್ಸಿನ ದೂರದಲ್ಲಿ. ಜೀವ ಹುಟ್ಟಿದ ಗಳಿಗೆಯನ್ನು ಈ ಕಲ್ಲು ಕಂಡಿರಲಾರದು. ಆದರೆ ಜೀವ ಇನ್ನೂ ಎಳೆಯದಾಗಿದ್ದ ಕಾಲದ ನೀರು, ಗಾಳಿ, ನೆಲ ಹೇಗಿದ್ದವೆಂದು ಬಲ್ಲದು. ಪ್ರಯೋಗಶಾಲೆಯಲ್ಲಿ ಯಾರು ಏನು ಬೆರೆಸಿ ಜೀವದ ಅಣು ಮಾಡಿದರೂ, ಅಂಥ ಬೆರಕೆ ಆಗಿನ ಭೂಮಿಯಲ್ಲಿ ಇದ್ದಿರಬಹುದೇ ಎಂದು ಕೊನೆಗೆ ಕೇಳಬೇಕಾದದ್ದು ಕಲ್ಲನ್ನೇ.

ಸರಗೂರಿನ ಸುತ್ತ ಸಿಗುವ ಪಟ್ಟೆಪಟ್ಟೆ ಕಬ್ಬಿಣದ ಕಲ್ಲಿನ ಒಂದು ತುಂಡನ್ನು ಕೈಗೆತ್ತಿಕೊಳ್ಳಿ. ಗಾತ್ರ ನೋಡಿ ಅಂದಾಜಿಸಿದ್ದಕ್ಕಿಂತ ಭಾರ ಹೆಚ್ಚು. ಒಡೆದ ಮಗ್ಗುಲಿನಲ್ಲಿ ಒಂದು ಗೆರೆ ಕಪ್ಪು, ಒಂದು ಗೆರೆ ಬಿಳಿ. ಕಪ್ಪು ಮ್ಯಾಗ್ನೆಟೈಟ್, ಬಿಳಿ ಬೆಣಚು. ಕೆಲವು ಗೆರೆ ಬೆರಳಿನಷ್ಟು ದಪ್ಪ, ಕೆಲವು ಉಗುರಿಗಿಂತ ತೆಳು. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಕಪ್ಪು ಗೆರೆಯ ಹತ್ತಿರ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ. ಇಷ್ಟು ಕಬ್ಬಿಣ ಕಡಲತಳಕ್ಕೆ ಬಂದದ್ದು ಹೇಗೆ? ಇಂದಿನ ಕಡಲಿನಲ್ಲಿ ಕಬ್ಬಿಣ ಕರಗಿರುವುದು ನಗಣ್ಯ, ಏಕೆಂದರೆ ಆಮ್ಲಜನಕ ಅದನ್ನು ಕೂಡಲೇ ತುಕ್ಕಾಗಿಸಿ ಕೆಳಗಿಳಿಸುತ್ತದೆ. ಅಂದಿನ ಕಡಲಿನಲ್ಲಿ ಕಬ್ಬಿಣ ಕರಗಿದ ಸ್ಥಿತಿಯಲ್ಲೇ ದೂರದೂರ ಸಾಗಿ, ಕೆಲವು ಕಡೆ ಮಾತ್ರ ಹಂತಹಂತವಾಗಿ ತಳಕ್ಕೆ ಕುಳಿತಿದೆ. ಅಂದರೆ ನೀರಿನಲ್ಲಿ ಆಮ್ಲಜನಕವಿರಲಿಲ್ಲ, ಇದ್ದರೂ ಹೆಸರಿಗಷ್ಟೆ.

ಗಾಳಿಯಲ್ಲೂ ಇರಲಿಲ್ಲ. ಇದಕ್ಕೆ ಸಾಕ್ಷಿ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿದೆ. ಅಲ್ಲಿನ ಕಲ್ಲೂ ಸರಗೂರು ಸಮೂಹಕ್ಕೇ ಸೇರಿದ್ದು. ಕಡಲತಳದಲ್ಲಿ ಪದರವಾಗಿ ಕುಳಿತ ಬರೈಟ್ ಎಂಬ ಖನಿಜ ಅಲ್ಲಿದೆ, ಅದರಲ್ಲಿ ಗಂಧಕವಿದೆ. ಓಜೋನ್ ಪರದೆಯಿಲ್ಲದ ಆಕಾಶದಲ್ಲಿ ಸೂರ್ಯನ ಅತಿನೇರಳೆ ಕಿರಣ ಗಂಧಕದ ಅನಿಲವನ್ನು ನೇರವಾಗಿ ಸೀಳಿದರೆ, ಗಂಧಕದ ಬೇರೆಬೇರೆ ತೂಕದ ಪರಮಾಣುಗಳ ಲೆಕ್ಕದಲ್ಲಿ ಒಂದು ವಿಚಿತ್ರ ಏರುಪೇರು ಉಂಟಾಗುತ್ತದೆ. ಆಮ್ಲಜನಕ ತುಂಬಿದ ಗಾಳಿಯಲ್ಲಿ ಆ ಗುರುತು ಉಳಿಯುವುದಿಲ್ಲ. ಸರಗೂರು ಸಮೂಹದ ಬರೈಟಿನಲ್ಲಿ ಆ ಏರುಪೇರು ಅಷ್ಟೆಲ್ಲ ಬೆಂದ ಮೇಲೂ ಅಳಿಸದೆ ಉಳಿದಿರುವುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಾವು ಉಸಿರಾಡುವ ಗಾಳಿ ಅಂದು ಇದ್ದಿದ್ದರೆ ಜೀವ ಹುಟ್ಟುವುದೇ ಕಷ್ಟವಾಗುತ್ತಿತ್ತು. ಎಳೆಯ ಇಂಗಾಲದ ಅಣುಗಳನ್ನು ಆಮ್ಲಜನಕ ಸುಟ್ಟುಹಾಕುತ್ತಿತ್ತು. ನಮಗೆ ಪ್ರಾಣವಾಯುವಾದದ್ದು ನಮ್ಮ ಮೊದಲ ಪೂರ್ವಜರಿಗೆ ವಿಷ.

ಇನ್ನು ನೆಲ. ಸರಗೂರು ಸಮೂಹದಲ್ಲಿ ಬೆಣಚುಗಲ್ಲಿನ ಪದರಗಳಿವೆ, ಕೆಲವು ಕ್ರೋಮಿಯಂ ಬೆರೆತ ಅಭ್ರಕದಿಂದಾಗಿ ಸೊಗಸಾದ ಹಸಿರು. ಇವು ಒಂದಾನೊಂದು ಕಾಲದ ಮರಳು. ಹೊಳೆನರಸೀಪುರದ ಕಡೆಯ ಇಂಥ ಪದರಗಳಿಂದ ಹೆಕ್ಕಿದ ಜಿರ್ಕಾನ್ ಹರಳುಗಳನ್ನು 1992ರಲ್ಲಿ ಅಳೆದರು. ಜಿರ್ಕಾನ್ ಹುಟ್ಟುವಾಗ ಒಳಗೆ ಸ್ವಲ್ಪ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಒಳಗೆ ಬಿಡುವುದಿಲ್ಲ. ಮುಂದೆ ಯುರೇನಿಯಂ ಸವೆದು ಸೀಸವಾದಂತೆ ಎರಡರ ಪ್ರಮಾಣವೇ ವಯಸ್ಸು ಹೇಳುತ್ತದೆ. ಅತಿ ಹಳೆಯ ಹರಳಿಗೆ ಸುಮಾರು 358 ಕೋಟಿ ವರ್ಷ. ಕಡಲಿನ ಮರಳಿನಲ್ಲಿ ಆ ಮರಳಿಗಿಂತ ಹಳೆಯ ಹರಳು ಹೇಗೆ ಬಂತು? ನೀರಿನಿಂದ ಮೇಲೆದ್ದ ನೆಲವೊಂದು ಇರಲೇಬೇಕು; ಅದರ ಮೇಲೆ ಮಳೆ ಬಿದ್ದು, ಬಂಡೆ ಸವೆದು, ಹೊಳೆ ಹರಿದು ಈ ಹರಳು ಕಡಲು ಸೇರಿರಬೇಕು. ಜೀವದ ಕಥೆಯಲ್ಲಿ ಈ ಒಂದು ಹರಳಿಗೆ ದೊಡ್ಡ ಬೆಲೆಯಿದೆ. ಅದೇಕೆಂದು ಮುಂದೆ ಬರುತ್ತದೆ.

ಹಾಗಾದರೆ ಸರಗೂರಿನಲ್ಲಿ ಜೀವದ ಗುರುತೇ ಇಲ್ಲವೇ? ಅಲ್ಲಿನ ಕೆಲವು ಪದರಗಳಲ್ಲಿ ಗ್ರಾಫೈಟ್ ಇದೆ. ಪೆನ್ಸಿಲ್ಲಿನ ಸೀಸದಂತೆ ಬೆರಳಿಗೆ ಕಪ್ಪು ಹತ್ತುತ್ತದೆ. ಅದು ಅಪ್ಪಟ ಇಂಗಾಲ. ಆ ಇಂಗಾಲ ಎಲ್ಲಿಂದ ಬಂತು ಎಂಬಲ್ಲೇ ಕುತೂಹಲವೂ ತೊಡಕೂ ಇದೆ. ಪ್ರಕೃತಿಯಲ್ಲಿ ಸವೆಯದೆ ಉಳಿಯುವ ಇಂಗಾಲ ಎರಡು ತೂಕದ್ದು ಉಂಟು, 12 ಮತ್ತು 13. ಜೀವಿಗಳು ಗಾಳಿಯಿಂದಲೋ ನೀರಿನಿಂದಲೋ ಇಂಗಾಲ ಹೀರುವಾಗ ಹಗುರವಾದ 12ರತ್ತ ಒಲವು ತೋರುತ್ತವೆ. ಅದರಿಂದ ಜೀವಿಯ ದೇಹದಲ್ಲಿ 13ರ ಪಾಲು ಸುತ್ತಲಿನ ಸುಣ್ಣಕ್ಕಿಂತ ಸಾವಿರಕ್ಕೆ ಸುಮಾರು 25ರಷ್ಟು ಕಡಿಮೆಯಾಗುತ್ತದೆ. ಜೀವಿ ಸತ್ತು ಕೊಳೆತು ಕಲ್ಲಾಗಿ ಗ್ರಾಫೈಟ್ ಆದ ಮೇಲೂ ಈ ಕೊರತೆ ಉಳಿಯಬಹುದು. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷದ ಹಳೆಯ ಗ್ರಾಫೈಟ್ ಚುಕ್ಕೆಗಳಲ್ಲಿ ಇಂಥ ಹಗುರ ಇಂಗಾಲವನ್ನು 1999ರಲ್ಲಿ ಮಿನಿಕ್ ರೋಸಿಂಗ್ ಕಂಡದ್ದು ದೊಡ್ಡ ಸುದ್ದಿಯಾಯಿತು. ಅದರ ಬೆನ್ನಲ್ಲೇ ಅದೇ ಇಸುವಾದ ಬೇರೆ ಕಲ್ಲುಗಳ ಗ್ರಾಫೈಟ್ ಜೀವದಿಂದ ಬಂದದ್ದೇ ಅಲ್ಲ, ಕಬ್ಬಿಣದ ಕಾರ್ಬೊನೇಟ್ ಕಾಯ್ದು ಒಡೆದಾಗ ಹುಟ್ಟಿದ್ದು ಎಂದೂ ತಿಳಿಯಿತು.

ಸರಗೂರಿನಲ್ಲಿ ಈ ತೊಡಕು ಇನ್ನೂ ಬಿಗಿ. ಇಲ್ಲಿನ ಪದರಗಳು ಸುಮಾರು 250 ಕೋಟಿ ವರ್ಷದ ಹಿಂದೆ ಇಪ್ಪತ್ತು ಕಿಲೋಮೀಟರಿಗೂ ಆಳಕ್ಕೆ ಹೂತುಹೋಗಿ, 700 ಡಿಗ್ರಿ ಆಸುಪಾಸಿನ ಕಾವಿನಲ್ಲಿ ಬೆಂದು, ಮಡಿಕೆ ಮಡಿಕೆಯಾಗಿ ಮತ್ತೆ ಮೇಲೆ ಬಂದಿವೆ. ಕೆಸರು ಗಾರ್ನೆಟ್ಟೂ ಕಯನೈಟೂ ಆಗಿದೆ, ಸುಣ್ಣ ಅಮೃತಶಿಲೆಯಾಗಿದೆ. ಆ ಕಾವಿನಲ್ಲಿ ಜೀವಕೋಶದ ಆಕಾರ ಉಳಿಯುವ ಮಾತೇ ಇಲ್ಲ. ಸಾಲದ್ದಕ್ಕೆ, ಗ್ರಾಫೈಟ್ ಮತ್ತು ಅಮೃತಶಿಲೆ ಅಕ್ಕಪಕ್ಕ ಬೇಯುವಾಗ ಇಂಗಾಲದ ಪರಮಾಣುಗಳು ಆಚೀಚೆ ಅದಲುಬದಲಾಗಿ ಗ್ರಾಫೈಟಿನ ಹಗುರತನ ಕರಗಿಹೋಗುತ್ತದೆ. ಹಾಗಾಗಿ ಅಲ್ಲಿ ಭಾರದ ಇಂಗಾಲ ಸಿಕ್ಕಿತೆಂದು ಜೀವವಿರಲಿಲ್ಲ ಎನ್ನಲಾಗದು. ಹಗುರದ್ದು ಸಿಕ್ಕಿತೆಂದು ಇತ್ತೆಂದು ಕುಣಿಯಲೂ ಆಗದು. ಜೀವದ ಹುಟ್ಟಿನ ಶೋಧದಲ್ಲಿ ನನಗೆ ಅತ್ಯಂತ ಗೌರವವೆನಿಸುವುದು ಈ ಕಟ್ಟುನಿಟ್ಟು. ಜೀವವಿಲ್ಲದೆ ಇದು ಆಗಿರಬಹುದಾದ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದ ಮೇಲೆಯೇ ಜೀವದ ಹೆಸರೆತ್ತಬೇಕು. ನಮ್ಮ ನಾಡಿನಲ್ಲಿ ಆ ಪರೀಕ್ಷೆ ದಾಟಿದ್ದು ಇನ್ನೂ ಕಿರಿಯ ಕಲ್ಲುಗಳು: ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಗಲ್ಲಿನಲ್ಲಿ, ಶಿವಮೊಗ್ಗದ ಕುಂಸಿಯ ಕಡೆ ಸ್ಟ್ರೊಮ್ಯಾಟೊಲೈಟುಗಳು ಬರಿಗಣ್ಣಿಗೇ ಕಾಣುತ್ತವೆ. ಅವು ಧಾರವಾಡ ಕಾಲದವು, ಅಷ್ಟಾಗಿ ಬೇಯದವು.

ಜೀವ ಇತ್ತೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಅದು ಹುಟ್ಟಿದ್ದು ಹೇಗೆ ಎಂಬುದು ಬೇರೆ. ಡಾರ್ವಿನ್ 1871ರಲ್ಲಿ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಬೆಚ್ಚನೆಯ ಸಣ್ಣ ಕೊಳವೊಂದನ್ನು ಕಲ್ಪಿಸಿಕೊಂಡಿದ್ದ. 1924ರಲ್ಲಿ ರಷ್ಯದ ಒಪಾರಿನ್, 1929ರಲ್ಲಿ ಇಂಗ್ಲೆಂಡಿನ ಜೆ.ಬಿ.ಎಸ್. ಹಾಲ್ಡೇನ್, ಒಬ್ಬರ ಕೆಲಸ ಒಬ್ಬರಿಗೆ ತಿಳಿಯದೆ, ಆಮ್ಲಜನಕವಿಲ್ಲದ ಗಾಳಿಯಲ್ಲಿ ಇಂಗಾಲದ ಅಣುಗಳು ತಾವಾಗಿ ಹುಟ್ಟಿ ಕಡಲು ಸೇರಿರಬಹುದೆಂದು ವಾದಿಸಿದರು. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅಂದಾಜನ್ನು ಪ್ರಯೋಗಕ್ಕೆ ಇಳಿಸಿದ್ದು ಷಿಕಾಗೋದ ಸ್ಟಾನ್ಲಿ ಮಿಲ್ಲರ್ ಎಂಬ ಹುಡುಗ. 1952ರಲ್ಲಿ ಅವನಿಗೆ 22 ವರ್ಷ. ಗಾಜಿನ ಬುರುಡೆಯಲ್ಲಿ ನೀರು ಕುದಿಯುತ್ತಿತ್ತು; ಆವಿ ಮೇಲೇರಿ ಮೀಥೇನ್, ಅಮೋನಿಯ, ಜಲಜನಕದ ಜೊತೆ ಬೆರೆಯುತ್ತಿತ್ತು; ಆ ಬೆರಕೆಯೊಳಗೆ ಸತತವಾಗಿ ವಿದ್ಯುತ್ ಕಿಡಿ. ನೀರು ಮೊದಲು ನಸುಗೆಂಪಾಯಿತು, ವಾರ ಕಳೆಯುವ ಹೊತ್ತಿಗೆ ಕಡುಗೆಂಪು. ಅದರ ಹನಿಯನ್ನು ಕಾಗದದ ಮೇಲೆ ಹರಡಿ ಪರೀಕ್ಷಿಸಿದಾಗ ನೇರಳೆ ಕಲೆಗಳು ಮೂಡಿದವು: ಗ್ಲೈಸಿನ್, ಅಲನಿನ್. ನಮ್ಮ ಸ್ನಾಯುವಿನಲ್ಲಿ, ನಾವು ತಿನ್ನುವ ಬೇಳೆಯಲ್ಲಿ ಇರುವ ಅಮೈನೋ ಆಮ್ಲಗಳೇ. ಮಿಲ್ಲರ್ ತೀರಿಕೊಂಡ ಮೇಲೆ, 2008ರಲ್ಲಿ, ಅವನು ಎತ್ತಿಟ್ಟಿದ್ದ ಹಳೆಯ ಶೀಶೆಗಳನ್ನು ಹೊಸ ಯಂತ್ರದಲ್ಲಿ ನೋಡಿದಾಗ ಒಂದು ಬಗೆಯ ಪ್ರಯೋಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಮೈನೋ ಆಮ್ಲಗಳು ಸಿಕ್ಕವು.

ನಮ್ಮಲ್ಲೂ ಯತ್ನ ನಡೆಯದೆ ಇರಲಿಲ್ಲ. ಅಲಹಾಬಾದಿನ ಕೃಷ್ಣ ಬಹಾದ್ದೂರ್ ಬಿಸಿಲಿನಲ್ಲಿಟ್ಟ ದ್ರಾವಣದಲ್ಲಿ ಕೋಶದಂಥ ಗುಳ್ಳೆಗಳನ್ನು ಕಂಡು 'ಜೀವಾಣು' ಎಂದು ಕರೆದರು. ಅವು ಜೀವಂತವೆಂಬುದನ್ನು ವಿಜ್ಞಾನಲೋಕ ಒಪ್ಪಲಿಲ್ಲ.

ಮಿಲ್ಲರನ ಬೆರಕೆಗೂ ಆಕ್ಷೇಪ ಬಂತು. ಅಂದಿನ ಗಾಳಿಯಲ್ಲಿ ಮೀಥೇನ್, ಅಮೋನಿಯ ಅಷ್ಟಿರಲಿಲ್ಲ, ಇಂಗಾಲದ ಡೈಆಕ್ಸೈಡೂ ಸಾರಜನಕವೂ ಹೆಚ್ಚಿದ್ದವು ಎಂದು ಈಗ ಬಹುಪಾಲು ಜನ ಭಾವಿಸುತ್ತಾರೆ. ಅಂಥ ಗಾಳಿಯಲ್ಲಿ ಕಿಡಿ ಹೊತ್ತಿಸಿದರೆ ಇಳುವರಿ ಕಡಿಮೆ. ಹಾಗಾದರೆ ಜೀವದ ರಸಾಯನಕ್ಕೆ ಶಕ್ತಿ ಎಲ್ಲಿಂದ? ಇಲ್ಲಿ ಮತ್ತೆ ಮೈಸೂರಿನ ಕಲ್ಲು ಬರುತ್ತದೆ. ಸರಗೂರು ಸಮೂಹದಲ್ಲಿ ಮೆಗ್ನೀಷಿಯಂ ತುಂಬಿದ, ಭೂಗರ್ಭದ ಆಳದ ಕಾವಿನಲ್ಲಿ ಹುಟ್ಟಿದ ಕರಿಹಸಿರು ಕಲ್ಲುಗಳಿವೆ. ಮೈಸೂರಿನ ದಕ್ಷಿಣಕ್ಕೆ ಸಿಂಧುವಳ್ಳಿಯಲ್ಲಿ ಕ್ರೋಮೈಟ್, ದೊಡ್ಡಕಾನ್ಯದಲ್ಲಿ ಮ್ಯಾಗ್ನೆಸೈಟ್ ತೆಗೆದದ್ದು ಇಂಥ ಕಲ್ಲಿನಿಂದಲೇ. ಇವುಗಳ ಮುಖ್ಯ ಖನಿಜ ಆಲಿವಿನ್. ಆಲಿವಿನ್‌ಗೆ ನೀರು ಸೋಕಿದರೆ ಅದು ಸರ್ಪೆಂಟೈನ್ ಆಗಿ ಬದಲಾಗುತ್ತದೆ. ಒಳಗಿನ ಕಬ್ಬಿಣ ನೀರಿನಿಂದ ಆಮ್ಲಜನಕ ಕಿತ್ತುಕೊಂಡು ಮ್ಯಾಗ್ನೆಟೈಟ್ ಆಗುತ್ತದೆ. ಉಳಿದ ಜಲಜನಕ ಗುಳ್ಳೆಯಾಗಿ ಹೊರಬರುತ್ತದೆ. ಇಂಗಾಲದ ಡೈಆಕ್ಸೈಡ್ ಹೊತ್ತ ನೀರು ಸೇರಿದರೆ ಬಿಳಿಯ ಮ್ಯಾಗ್ನೆಸೈಟೂ ಮೆತ್ತನೆಯ ಬಳಪದ ಕಲ್ಲೂ ಆಗುತ್ತವೆ. ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪ ಕಲ್ಲು ಮತ್ತು ನೀರಿನ ಇಂಥದೇ ವ್ಯವಹಾರದ ಫಲ. ದೊಡ್ಡಕಾನ್ಯದ ಬಿಳಿ ಎಳೆಗಳು ಬಹಳ ತಡವಾಗಿ ಮೂಡಿದವು, ಅವುಗಳಲ್ಲಿ ಮೊದಲ ಜೀವದ ಗುರುತು ಹುಡುಕಬಾರದು. ಆದರೆ ಕಲ್ಲಿನ ಒಳಗಿನ ಈ ರಸಾಯನ ಕಡಲು ಹುಟ್ಟಿದ ದಿನದಿಂದ ನಡೆದಿದೆ.

2000ದ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ತಳದಲ್ಲಿ ಇದು ಜೀವಂತವಾಗಿ ನಡೆಯುತ್ತಿರುವ ಜಾಗ ಸಿಕ್ಕಿತು. ಅದಕ್ಕೆ 'ಲಾಸ್ಟ್ ಸಿಟಿ' ಎಂದು ಹೆಸರಿಟ್ಟರು. 60 ಮೀಟರ್ ಎತ್ತರದವರೆಗಿನ ಬಿಳಿಯ ಗೋಪುರಗಳು, 40ರಿಂದ 90 ಡಿಗ್ರಿ ಬಿಸಿಯ ಕ್ಷಾರದ ನೀರು, ಅದರಲ್ಲಿ ಜಲಜನಕ. ಆ ಗೋಪುರಗಳ ಮೈಯೆಲ್ಲ ಸಣ್ಣ ಸಣ್ಣ ರಂಧ್ರ. ಮೈಕ್ ರಸೆಲ್ ಎಂಬ ಭೂವಿಜ್ಞಾನಿ ಇಂಥ ತಾಣಗಳಿರಬೇಕೆಂದೂ ಜೀವ ಹುಟ್ಟಿದ್ದು ಅಂಥಲ್ಲೆಂದೂ ಮೊದಲೇ ಹೇಳಿದ್ದ. ಒಳಗಿನ ನೀರು ಕ್ಷಾರ, ಹೊರಗಿನ ಪ್ರಾಚೀನ ಕಡಲು ಹುಳಿ. ನಡುವಿನ ತೆಳ್ಳನೆಯ ಖನಿಜದ ಗೋಡೆಯ ಎರಡು ಬದಿಗೆ ಪ್ರೋಟಾನುಗಳ ಏರುಪೇರು. ಇಂದಿಗೂ ಪ್ರತಿ ಜೀವಕೋಶ ತನ್ನ ಪೊರೆಯ ಎರಡು ಬದಿಗೆ ಪ್ರೋಟಾನುಗಳ ಅದೇ ಏರುಪೇರನ್ನು ಕಟ್ಟಿಕೊಂಡು ಶಕ್ತಿ ಪಡೆಯುತ್ತದೆ. ಈ ಹೊಂದಿಕೆ ಬರಿಯ ಕಾಕತಾಳೀಯವೆಂದು ನನ್ನ ಮನಸ್ಸು ಒಪ್ಪದು.

ಆದರೂ ಜೀವ ಹುಟ್ಟಿದ್ದು ಡಾರ್ವಿನ್ ಕಲ್ಪಿಸಿದಂಥ ಕೊಳದಲ್ಲಿ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಅಮೈನೋ ಆಮ್ಲಗಳು ಕೈಹಿಡಿದು ಪ್ರೋಟೀನಾಗುವಾಗ, ಆರ್‌ಎನ್‌ಎ ತುಣುಕುಗಳು ಕೂಡಿ ಸರಪಳಿಯಾಗುವಾಗ, ಪ್ರತಿ ಕೊಂಡಿಗೂ ಒಂದು ನೀರಿನ ಅಣು ಹೊರಬೀಳಬೇಕು. ಸುತ್ತ ನೀರೇ ತುಂಬಿರುವ ಕಡಲಿನಲ್ಲಿ ಕೊಂಡಿ ಕೂಡುವುದಕ್ಕಿಂತ ಕಳಚುವುದೇ ಸುಲಭ. ಬೇಸಿಗೆಯಲ್ಲಿ ಒಣಗಿ ಮಳೆಗೆ ತುಂಬುವ ಕೊಳದಲ್ಲಿ, ಒಣಗುವಾಗ ಸರಪಳಿ ಬೆಳೆಯುತ್ತದೆ, ನೆನೆಯುವಾಗ ಹೊಸ ಜೋಡಣೆಗೆ ಅವಕಾಶವಾಗುತ್ತದೆ. ಕೊಳ ಬೇಕಾದರೆ ನೀರಿನ ಮೇಲೆ ನೆಲ ಬೇಕು. ಹೊಳೆನರಸೀಪುರದ ಜಿರ್ಕಾನ್ ಹರಳಿನ ಬೆಲೆ ಇರುವುದು ಇಲ್ಲೇ. 300 ಕೋಟಿ ವರ್ಷಕ್ಕೂ ಹಿಂದೆ ಈ ಸೀಮೆಯಲ್ಲಿ ಮಳೆಗೆ ಮೈಯೊಡ್ಡಿದ ನೆಲವಿತ್ತೆಂದು ಅದು ಹೇಳುತ್ತದೆ. ನೆಲವಿದ್ದಲ್ಲಿ ಕೊಳವೂ ಇದ್ದಿರಬೇಕು, ಜಲಜನಕ ಉಸಿರುವ ಕಲ್ಲೂ ಇತ್ತು. ಎರಡೂ ಒಂದೇ ಸೀಮೆಯಲ್ಲಿ ಇದ್ದಾಗ ಎರಡರ ನಡುವೆ ಹೊಳೆ ಹರಿಯದೆ ಇದ್ದೀತೇ? ಒಂದೇ ತಾಣವನ್ನು ಹಿಡಿದು ಜಗಳವಾಡುವುದಕ್ಕಿಂತ ಇಡೀ ಭೂದೃಶ್ಯವನ್ನು ಒಟ್ಟಿಗೆ ನೋಡುವುದೇ ಸರಿಯೆಂದು ನನಗೆ ತೋರುತ್ತದೆ.

ಜೀವ ಕಟ್ಟುವ ಇಟ್ಟಿಗೆಗಳು ಆಕಾಶದಿಂದಲೂ ಬಂದವು. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಹತ್ತಾರು ಅಮೈನೋ ಆಮ್ಲಗಳಿದ್ದವು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ಭೂಮಿಗೆ ತಂದ 121 ಗ್ರಾಮಿನಷ್ಟು ಪುಡಿಯಲ್ಲಿ, ನಮ್ಮ ಪ್ರೋಟೀನುಗಳ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕವು; ಡಿಎನ್‌ಎ, ಆರ್‌ಎನ್‌ಎಗಳ ಐದು ಅಕ್ಷರಗಳೂ ಸಿಕ್ಕವು. ಆದರೆ ಅಲ್ಲಿ ಅಮೈನೋ ಆಮ್ಲಗಳ ಕನ್ನಡಿಬಿಂಬದಂಥ ಎಡಗೈ, ಬಲಗೈ ರೂಪಗಳು ಹೆಚ್ಚುಕಡಿಮೆ ಸಮಸಮ. ಜೀವ ಮಾತ್ರ ಎಡಗೈಯವನ್ನೇ ಆರಿಸಿಕೊಂಡಿದೆ, ಯಾಕೆಂಬುದು ಇನ್ನೂ ಒಗಟು. ಜೀವವೇ ಆಕಾಶದಿಂದ ಬಂತೆನ್ನುವವರೂ ಇದ್ದಾರೆ. ಜಯಂತ ನಾರಳೀಕರ್ ಅವರ ತಂಡ 2001 ಮತ್ತು 2005ರಲ್ಲಿ ಹೈದರಾಬಾದಿನಿಂದ ಬೆಲೂನು ಹಾರಿಸಿ, 41 ಕಿಲೋಮೀಟರ್ ಎತ್ತರದವರೆಗಿನ ಗಾಳಿಯಲ್ಲಿ ಸೂಕ್ಷ್ಮಜೀವಿಗಳನ್ನು ಹುಡುಕಿತು. ಸಿಕ್ಕ ಹೊಸ ಪ್ರಭೇದಗಳಲ್ಲಿ ಒಂದಕ್ಕೆ ಇಸ್ರೋದ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು. ಅವು ಬೇರೆ ಲೋಕದವೆಂದು ಅದರಿಂದ ಸಾಬೀತಾಗಲಿಲ್ಲ. ಆಗಿದ್ದರೂ, ಆ ಬೇರೆ ಲೋಕದಲ್ಲಿ ಹೇಗೆ ಹುಟ್ಟಿದವೆಂಬ ಪ್ರಶ್ನೆ ಅಲ್ಲೇ ಕಾದಿರುತ್ತಿತ್ತು.

ನನಗೆ ಹೆಚ್ಚು ಆಸೆ ಹುಟ್ಟಿಸುವುದು ಶನಿಯ ಸುತ್ತ ತಿರುಗುವ ಎನ್ಸೆಲಾಡಸ್. ಅಡ್ಡಳತೆ ಸುಮಾರು 500 ಕಿಲೋಮೀಟರ್, ಮೇಲೆ ಹಿಮ, ಕೆಳಗೆ ಉಪ್ಪುಕಡಲು. ಹಿಮದ ಬಿರುಕಿನಿಂದ ಚಿಮ್ಮುವ ಬುಗ್ಗೆಯೊಳಗೆ ಕಸ್ಸಿನಿ ನೌಕೆ ಹಾದುಹೋದಾಗ ಅಲ್ಲಿ ಜಲಜನಕ ಸಿಕ್ಕಿತು. 2017ರಲ್ಲಿ ಅದನ್ನು ಪ್ರಕಟಿಸಿದರು. 2023ರಲ್ಲಿ ರಂಜಕದ ಗುರುತೂ ಬಂತು. ಜಲಜನಕಕ್ಕೆ ವಿಜ್ಞಾನಿಗಳು ಕೊಡುವ ಕಾರಣ, ದೊಡ್ಡಕಾನ್ಯದಂಥ ಕಲ್ಲಿನಲ್ಲಿ ಕಂಡ ಅದೇ ಕಾರಣ: ಮೆಗ್ನೀಷಿಯಂ ತುಂಬಿದ ಕಲ್ಲಿನೊಳಗೆ ಬೆಚ್ಚನೆಯ ನೀರು.

ಮಂಗಳದಲ್ಲಿ 2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ಬಂಡಿ ಜೆಜೆರೋ ಕುಳಿಯ ಹಳೆಯ ನದಿಪಾತ್ರದ ಕೆಸರುಗಲ್ಲೊಂದನ್ನು ಕೊರೆಯಿತು. ಕಲ್ಲಿನ ಮೈಮೇಲೆ ಕಪ್ಪು ಅಂಚಿನ ಚುಕ್ಕೆಗಳು, ಅವುಗಳಲ್ಲಿ ಕಬ್ಬಿಣದ ಫಾಸ್ಫೇಟ್, ಕಬ್ಬಿಣದ ಸಲ್ಫೈಡ್, ಜೊತೆಗೆ ಇಂಗಾಲ. ಭೂಮಿಯ ಕೆಸರಿನಲ್ಲಿ ಇಂಥ ಜೋಡಿಯನ್ನು ಸೂಕ್ಷ್ಮಜೀವಿಗಳು ಉಂಟುಮಾಡುತ್ತವೆ. 2025ರ ಸೆಪ್ಟೆಂಬರಿನಲ್ಲಿ ಬಂದ ವರದಿ ಇದನ್ನು ಜೀವದ ಸಂಭವನೀಯ ಗುರುತು ಎಂದಷ್ಟೇ ಕರೆದು ಅಲ್ಲಿಗೆ ನಿಂತಿತು. ಜೀವವಿಲ್ಲದೆಯೂ ಅಂಥ ಖನಿಜ ಮೂಡಬಹುದು. ಹಾಗೆ ಮೂಡಲು ಸಾಮಾನ್ಯವಾಗಿ ಕಾವು ಬೇಕು, ಈ ಕಲ್ಲು ಕಾದಂತೆ ಕಾಣುವುದಿಲ್ಲ. ಸರಗೂರಿನಲ್ಲಿ ನಮ್ಮ ಕೈ ಕಟ್ಟಿದ್ದು ಆ ಕಾವೇ. ಆ ಇಂಗಾಲವನ್ನು ಬಂಡಿ ಗುರುತಿಸಿದ್ದು ರಾಮನ್ ಪರಿಣಾಮದಿಂದ: ಅಣುವಿಗೆ ಬಡಿದು ಚದುರಿದ ಬೆಳಕಿನ ಬಣ್ಣ ತುಸು ಬದಲಾಗುವುದನ್ನು ಸಿ.ವಿ. ರಾಮನ್ 1928ರಲ್ಲಿ ಕಂಡರು, 1933ರಲ್ಲಿ ಬೆಂಗಳೂರಿಗೆ ಬಂದು ಕಡೆಯವರೆಗೂ ಇಲ್ಲೇ ಉಳಿದರು. ಬೆಂದ ಕಲ್ಲಿನ ಗ್ರಾಫೈಟ್ ಎಷ್ಟು ಡಿಗ್ರಿ ಕಂಡಿದೆಯೆಂದು ಅಳೆಯುವುದೂ ಅದೇ ಬೆಳಕಿನಿಂದಲೇ. ಮಂಗಳದ ಆ ಇಂಗಾಲ ಹಗುರದ್ದೋ ಭಾರದ್ದೋ ಎಂದು ತಿಳಿಯಲು ಮಾತ್ರ ಭೂಮಿಯ ಪ್ರಯೋಗಶಾಲೆಯೇ ಬೇಕು. ಕೊರೆದ ತುಂಡನ್ನು ಕೊಳವೆಯಲ್ಲಿ ಮುಚ್ಚಿಟ್ಟಿದ್ದಾರೆ. ತರುವ ನೌಕೆ ಇನ್ನೂ ಹೊರಟಿಲ್ಲ.